ರಾಗಿಯ ಚರಿತ್ರೆ: ಬಿಕ್ಕೋಡಿನಿಂದ ಅರಸೀಕೆರೆಯವರೆಗೆ



ಬೇಲೂರಿನ ದೇವಾಲಯವನ್ನು ಕಂಡವರು ತಮ್ಮಲ್ಲಿ ಅನೇಕರಿರಬಹುದು. ಅದೇ ತಾಲ್ಲೂಕಿನ ಪಶ್ಚಿಮ ಭಾಗದಲ್ಲಿ, ಸಕಲೇಶಪುರದ ಮಲೆಗಳ ಕಡೆಗಿರುವ ಬಿಕ್ಕೋಡು ಹೋಬಳಿಯವರೆಗೆ ಹೋಗಿ ಬಂದವರು ಕಡಮೆ. ಅಲ್ಲಿ ಇಳಿಜಾರುಗಳ ತುಂಬ ಮರದ ನೆರಳಿನಲ್ಲಿ ಬೆಳೆದ ಕಾಫಿ. ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿ. ತಗ್ಗುಗಳಲ್ಲಿ ಭತ್ತದ ಗದ್ದೆ. ಮನೆಮನೆಯ ಬೆಳಗಿನ ಊಟ ಅಕ್ಕಿಯ ರೊಟ್ಟಿ. ಅಲ್ಲಿಂದ ಪೂರ್ವಕ್ಕೆ ಮುಖಮಾಡಿ ಬೇಲೂರು, ಹಳೇಬೀಡು, ಜಾವಗಲ್ಲು, ಬಾಣಾವರಗಳನ್ನು ದಾಟಿ ಅರಸೀಕೆರೆಯವರೆಗೆ ನಡೆದುದಾದರೆ, ದಾರಿ ನೂರು ಕಿಲೋಮೀಟರನ್ನು ಮುಟ್ಟದು. ಆದರೆ ಇಷ್ಟರಲ್ಲಿಯೇ ನಾಡು ಬೇರೊಂದಾಗುತ್ತದೆ. ಸಕಲೇಶಪುರದ ಸೆರಗಿನಲ್ಲಿ ವರ್ಷಕ್ಕೆ ೨,೦೦೦ ಮಿಲಿಮೀಟರಿಗೆ ಮೇಲ್ಪಟ್ಟು ಸುರಿಯುವ ಮಳೆ ಅರಸೀಕೆರೆಯನ್ನು ಸೇರುವ ವೇಳೆಗೆ ೭೦೦ರ ಆಸುಪಾಸಿಗೆ ಇಳಿದಿರುತ್ತದೆ. ಕಾಡು ಹಿಂದುಳಿಯುತ್ತದೆ, ಕೆಂಪು ನೆಲ ಕಾಣಿಸಿಕೊಳ್ಳುತ್ತದೆ, ಗದ್ದೆ ಕೆರೆಯ ಕೆಳಗೆ ಮಾತ್ರ ಉಳಿದು, ಉಳಿದ ನೆಲವೆಲ್ಲ ಹೊಲವಾಗುತ್ತದೆ. ಎಲೆಯ ಮೇಲಿನ ಅಕ್ಕಿರೊಟ್ಟಿಯ ಸ್ಥಾನಕ್ಕೆ ರಾಗಿಯ ಮುದ್ದೆ ಬರುತ್ತದೆ.

ಅಕ್ಕಿಯೂ ರಾಗಿಯೂ ಒಂದಕ್ಕೊಂದು ಎದುರಾಗಿ ನಿಂತಿರುವ ಈ ಗಡಿಸೀಮೆಯನ್ನು ಕಣ್ಣಮುಂದಿಟ್ಟುಕೊಂಡು ರಾಗಿಯ ಚರಿತ್ರೆಯನ್ನು ಕೆಲಕಾಲ ವಿಚಾರಮಾಡೋಣ. ಇಂದು ರಾಗಿಗೆ ಕೀರ್ತಿ ಬಂದಿದೆ. ಅದರಲ್ಲಿ ಸುಣ್ಣಾಂಶ ಹೆಚ್ಚು, ನಾರು ಹೆಚ್ಚು, ಗೋಧಿಯಲ್ಲಿರುವ ಗ್ಲೂಟೆನ್ ಎಂಬ ಅಂಟು ಅದರಲ್ಲಿ ಇಲ್ಲ ಎಂದು ನಗರದ ವಿದ್ಯಾವಂತರು ಅದನ್ನು ಹುಡುಕಿ ತರುತ್ತಿದ್ದಾರೆ. ಇವೆಲ್ಲ ನಿಜವಾದ ಗುಣಗಳೇ. ಆದರೆ ನಮ್ಮ ಹಿರಿಯರು ರಾಗಿಯನ್ನು ನೆಚ್ಚಿದ್ದು ಮುಖ್ಯವಾಗಿ ಮತ್ತೊಂದು ಗುಣಕ್ಕಾಗಿ. ಅದು ಕೆಡದೆ ಕಾದಿರುವ ಗುಣ. ಆ ಗುಣವನ್ನು ಮರೆತು ಉಳಿದವನ್ನು ಮಾತ್ರ ಹೊಗಳಿದರೆ ರಾಗಿಯನ್ನು ನಾವು ಅರ್ಧ ಮಾತ್ರ ಅರಿತಂತಾಗುತ್ತದೆ.

ಮೊದಲು ಅದರ ಹುಟ್ಟನ್ನು ನೋಡೋಣ. ಅಪ್ಪಟ ಕನ್ನಡ ನೆಲದ ಧಾನ್ಯವೆಂದು ನಾವು ನಂಬಿರುವ ರಾಗಿ ವಾಸ್ತವವಾಗಿ ಆಫ್ರಿಕದಿಂದ ಬಂದ ಅತಿಥಿ. ಅದರ ಕಾಡು ಪೂರ್ವಜ ಪೂರ್ವ ಆಫ್ರಿಕದಲ್ಲಿ ಇಂದಿಗೂ ಬೆಳೆಯುತ್ತದೆ. ಇಥಿಯೋಪಿಯ, ಉಗಾಂಡ ಮೊದಲಾದ ಎತ್ತರದ ಪ್ರದೇಶಗಳ ಜನ ಅದನ್ನು ಪಳಗಿಸಿ ಪೈರಾಗಿ ಮಾಡಿಕೊಂಡರೆಂದು ಸಸ್ಯಶಾಸ್ತ್ರಜ್ಞರು ನಿರ್ಣಯಿಸಿದ್ದಾರೆ. ಅಲ್ಲಿಂದ ಅದು ಭಾರತಕ್ಕೆ ಬಂದು ಮೂರು ಸಾವಿರ ವರ್ಷಗಳಾದರೂ ಆಗಿರಬೇಕು. ತುಂಗಭದ್ರೆಯ ದಡದ ಹಳ್ಳೂರಿನಲ್ಲಿ ೧೯೬೫ರಲ್ಲಿ ಅಗೆತ ನಡೆದಾಗ ಪ್ರಾಚೀನ ಸ್ತರಗಳಲ್ಲಿ ರಾಗಿಯ ಕಾಳು ದೊರೆತುದಾಗಿ ವರದಿಯಾಯಿತು. ಅದರ ಕಾಲದ ವಿಷಯವಾಗಿಯೂ, ಕಾಳಿನ ಗುರುತಿನ ವಿಷಯವಾಗಿಯೂ ವಿದ್ವಾಂಸರಲ್ಲಿ ಚರ್ಚೆ ನಡೆದಿದೆ. ಅದು ಹೇಗೇ ತೀರ್ಮಾನವಾಗಲಿ, ಪರನಾಡಿನಿಂದ ಬಂದ ಒಂದು ಕಾಳು ಇಲ್ಲಿಯ ಕೆಂಪು ನೆಲಕ್ಕೂ ಅನಿಶ್ಚಿತವಾದ ಮಳೆಗೂ ಹೊಂದಿಕೊಂಡು ಮನೆಯ ಮಗನಾಯಿತೆಂಬುದರಲ್ಲಿ ಸಂಶಯವಿಲ್ಲ. ಇಂದು ಭಾರತದಲ್ಲಿ ಬೆಳೆಯುವ ರಾಗಿಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಕರ್ನಾಟಕದ್ದು.

ಇಷ್ಟು ಹಳೆಯ ಧಾನ್ಯಕ್ಕೆ ನಮ್ಮ ಬರಹದಲ್ಲಿ ದೊರೆತ ಸ್ಥಳ ಮಾತ್ರ ಬಹಳ ಕಿರಿದು. ಬೇಲೂರಿನ ದೇವಾಲಯ ೧೧೧೭ರಲ್ಲಿ ವಿಷ್ಣುವರ್ಧನನಿಂದ ಪ್ರತಿಷ್ಠೆಯಾಯಿತು. ಆ ಕಾಲದ ದಾನಶಾಸನಗಳಲ್ಲಿ ಗದ್ದೆ, ಬೆದ್ದಲೆ ಎಂಬ ಎರಡು ಮಾತುಗಳು ಜೊತೆಜೊತೆಯಾಗಿ ಬರುತ್ತವೆ. ಗದ್ದೆ ನೀರಾವರಿಯ ನೆಲ. ಬೆದ್ದಲೆ ಮಳೆಯನ್ನೇ ನೆಚ್ಚಿದ ನೆಲ. ಗದ್ದೆಯ ಬೆಳೆ ಅಕ್ಕಿಯಾಗಿ ದೇವರ ನೈವೇದ್ಯಕ್ಕೂ ಬ್ರಾಹ್ಮಣರ ಊಟಕ್ಕೂ ಸಂದು, ಅಳತೆ ಸಮೇತವಾಗಿ ಕಲ್ಲಿನ ಮೇಲೆ ನಿಂತಿತು. ಬೆದ್ದಲೆಯ ಬೆಳೆ ಬಹುಮಟ್ಟಿಗೆ ಹೆಸರಿಲ್ಲದೆ ಉಳಿಯಿತು. ಮಾನ್ಯರ ಎಲೆಗೆ ಬರುವ ಧಾನ್ಯಕ್ಕೆ ಶಾಸನ. ದುಡಿಯುವವನ ಹೊಟ್ಟೆ ತುಂಬುವ ಧಾನ್ಯಕ್ಕೆ ಮೌನ. ನಮ್ಮ ಚರಿತ್ರೆಯನ್ನು ಶಾಸನಗಳಿಂದ ಮಾತ್ರ ಬರೆಯುವುದಾದರೆ ಈ ನಾಡಿನ ಜನ ಅಕ್ಕಿಯನ್ನೇ ಉಂಡರೆಂದು ಭ್ರಮಿಸಬೇಕಾಗುತ್ತದೆ.

ಈ ಮೌನವನ್ನು ಮುರಿದವರಲ್ಲಿ ಕನಕದಾಸರು ಅಗ್ರಗಣ್ಯರು. ಹದಿನಾರನೆಯ ಶತಮಾನದ ಈ ಮಹನೀಯರು ರಚಿಸಿದ ‘ರಾಮಧಾನ್ಯಚರಿತೆ’ಯ ಕಥೆಯನ್ನು ತಾವು ಬಲ್ಲಿರಿ. ಧಾನ್ಯಗಳಲ್ಲಿ ಯಾವುದು ಹಿರಿದೆಂಬ ಪ್ರಶ್ನೆ ಶ್ರೀರಾಮನ ಮುಂದೆ ಬಂದಾಗ ವ್ರೀಹಿಯೂ ನರೆದಲೆಗನೂ, ಎಂದರೆ ಭತ್ತವೂ ರಾಗಿಯೂ, ಸಭೆಯಲ್ಲಿ ಪರಸ್ಪರ ಹಳಿದುಕೊಳ್ಳುತ್ತವೆ. ಕುಲವಿಲ್ಲದವನೆಂದು ಭತ್ತ ರಾಗಿಯನ್ನು ಜರೆಯುತ್ತದೆ. ಬರಗಾಲದಲ್ಲಿ ಬಡವರನ್ನು ಕಾಯುವವನು ನಾನೆಂದು ರಾಗಿ ತಿರುಗಿ ನುಡಿಯುತ್ತದೆ. ವಾದ ಮುಗಿಯದಾಗಲು ರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಅವಧಿ ಕಳೆದು ಹೊರತೆಗೆದಾಗ ಭತ್ತ ಕೆಟ್ಟಿದೆ. ರಾಗಿ ಇಟ್ಟ ಹಾಗೆಯೇ ಇದೆ. ರಾಮನು ಅದಕ್ಕೆ ರಾಘವನೆಂಬ ತನ್ನ ಹೆಸರನ್ನೇ ಅನುಗ್ರಹಿಸುತ್ತಾನೆ. ಹೆಸರಿನ ಈ ನಿಷ್ಪತ್ತಿ ಕವಿಯ ಕಲ್ಪನೆ, ಭಾಷಾಶಾಸ್ತ್ರದ ಮಾತಲ್ಲ. ಕುಲದ ವಿಷಯವಾಗಿ ಕವಿ ಏನನ್ನು ಸೂಚಿಸುತ್ತಿದ್ದಾರೆಂಬುದನ್ನು ಅನೇಕರು ವಿವರಿಸಿದ್ದಾರೆ. ಚರಿತ್ರೆಯನ್ನು ಓದುವವನಿಗೆ ಅಷ್ಟೇ ಮುಖ್ಯವಾಗಿ ಕಾಣುವುದು ರಾಮನ ಪರೀಕ್ಷೆಯ ಕ್ರಮ. ಅವನು ರುಚಿಯನ್ನು ಕೇಳಲಿಲ್ಲ, ಬಣ್ಣವನ್ನು ನೋಡಲಿಲ್ಲ. ಕೂಡಿಟ್ಟರೆ ಯಾವುದು ಉಳಿಯುತ್ತದೆಂದು ನೋಡಿದನು. ಇದು ರೈತನ ಪರೀಕ್ಷೆ. ಬರವನ್ನು ಕಂಡ ನಾಡಿನ ಕವಿಗಲ್ಲದೆ ಬೇರೊಬ್ಬನಿಗೆ ಇಂತಹ ತೀರ್ಪು ಹೊಳೆಯುವುದು ಕಷ್ಟ.

ಆ ಸೆರೆಮನೆಗೆ ನೆಲದ ಮೇಲೆ ಒಂದು ಪ್ರತಿರೂಪವಿತ್ತು. ಅದೇ ಹಗೇವು. ಬಯಲುಸೀಮೆಯ ಹಳ್ಳಿಗಳಲ್ಲಿ ಗಟ್ಟಿಯಾದ ಒಣನೆಲದಲ್ಲಿ ಬಾಯಿ ಕಿರಿದಾಗಿ, ಒಡಲು ಅಗಲವಾಗಿ ಗುಳಿಯನ್ನು ತೋಡಿ, ತಳಕ್ಕೂ ಪಕ್ಕಕ್ಕೂ ಹುಲ್ಲನ್ನು ಹೊದಿಸಿ, ಒಣಗಿದ ರಾಗಿಯನ್ನು ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಹೀಗೆ ಇಟ್ಟ ರಾಗಿ ಹಲವು ವರ್ಷ ಕೆಡುತ್ತಿರಲಿಲ್ಲ. ಇದರ ಕಾರಣವನ್ನು ಇಂದಿನ ವಿಜ್ಞಾನ ಸುಲಭವಾಗಿ ಹೇಳಬಲ್ಲದು. ರಾಗಿಯ ಕಾಳು ಬಹಳ ಸಣ್ಣದು, ಸಿಪ್ಪೆ ಬಿಗಿಯಾದುದು. ಹುಳು ಒಳಹೊಕ್ಕು ಬೆಳೆಯುವುದಕ್ಕೆ ಅದರಲ್ಲಿ ಎಡೆಯಿಲ್ಲ. ಮುಚ್ಚಿದ ಗುಳಿಯಲ್ಲಿ ಕಾಳಿನ ಉಸಿರಾಟದಿಂದಲೇ ಆಮ್ಲಜನಕ ತೀರಿ ಇಂಗಾಲಾಮ್ಲ ತುಂಬಿಕೊಳ್ಳುತ್ತದೆ; ಉಳಿದ ಕೀಟವೂ ಸಾಯುತ್ತದೆ. ಹಗೇವಿನ ಬಾಯಿ ತೆರೆದೊಡನೆ ಒಳಗಿಳಿಯಬಾರದು, ಗಾಳಿಯಾಡಲು ಬಿಟ್ಟು, ದೀಪವನ್ನು ಇಳಿಸಿ ಅದು ಆರದಿದ್ದರೆ ಮಾತ್ರ ಮನುಷ್ಯ ಇಳಿಯಬೇಕೆಂದು ಹಿರಿಯರು ಎಚ್ಚರಿಸುತ್ತಿದ್ದುದು ಈ ಕಾರಣದಿಂದಲೇ. ಮಳೆ ಹೆಚ್ಚಿ ನೆಲ ಸದಾ ತಂಪಾಗಿರುವ ಬಿಕ್ಕೋಡಿನ ಕಡೆಗೆ ಇಂತಹ ಗುಳಿ ಒಗ್ಗುವಂತಹುದಲ್ಲ. ಅಲ್ಲಿ ಭತ್ತವನ್ನು ನೆಲದ ಮೇಲೆ ಕಣಜದಲ್ಲಿಯೇ ಇಡಬೇಕು. ಬೆಳೆಯನ್ನು ಮಾತ್ರವಲ್ಲ, ಕೂಡಿಡುವ ಬಗೆಯನ್ನೂ ನೆಲವೇ ನಿರ್ಣಯಿಸುತ್ತದೆ.

ಟೀಪುವಿನ ಪತನದ ತರುವಾಯ, ೧೮೦೦–೦೧ರಲ್ಲಿ, ಫ್ರಾನ್ಸಿಸ್ ಬುಕನನ್ ಎಂಬ ವೈದ್ಯನು ಕಂಪೆನಿಯ ಆಜ್ಞೆಯ ಮೇರೆಗೆ ಮೈಸೂರು ದೇಶವನ್ನು ಸುತ್ತಿ ಕೃಷಿಯ ಸ್ಥಿತಿಯನ್ನು ದಿನಚರಿಯಾಗಿ ಬರೆದಿಟ್ಟನು. ೧೮೦೭ರಲ್ಲಿ ಅಚ್ಚಾದ ಆ ಗ್ರಂಥದಲ್ಲಿ ಒಣಬೇಸಾಯದ ಬೆಳೆಗಳ ಪೈಕಿ ರಾಗಿಗೆ ಮೊದಲ ಸ್ಥಾನ. ಬಿತ್ತುವ ಕೂರಿಗೆ, ಎಡೆ ಹೊಡೆಯುವ ಕುಂಟೆ, ನಡುವೆ ಅಕ್ಕಡಿಯಾಗಿ ಹಾಕುವ ಅವರೆ, ತೊಗರಿ, ಹುಚ್ಚೆಳ್ಳುಗಳ ಸಾಲು ಇವೆಲ್ಲ ಬಹುಕಾಲದಿಂದ ಬಂದ ಕ್ರಮ. ಮಳೆ ತಡೆದರೆ ಬಾಡಿ ನಿಲ್ಲುವುದು, ಮತ್ತೆ ಒಂದು ಹದ ಬಿದ್ದರೆ ಚೇತರಿಸಿಕೊಳ್ಳುವುದು ರಾಗಿಯ ಸ್ವಭಾವ. ರಾಗಿ ತೀರಾ ಕೈಕೊಟ್ಟ ವರ್ಷದಲ್ಲಿಯೂ ಅಕ್ಕಡಿಯ ಕಾಳು ಕೈಗೆ ಹತ್ತುವುದುಂಟು. ಹುಲ್ಲಂತೂ ದನಗಳಿಗೆ ಒದಗುತ್ತದೆ.

ಹಾಗಾದರೆ ರಾಗಿಯ ನಾಡಿಗೆ ಕ್ಷಾಮವೇ ಇರಲಿಲ್ಲವೆ? ಇದ್ದಿತು. ಈ ಪ್ರಶ್ನೆಯನ್ನು ರಾಗಿಯ ಅಭಿಮಾನಿಗಳು ಮರೆಮಾಡಬಾರದು. ೧೮೭೫ರಲ್ಲಿ ಮಳೆ ಕುಗ್ಗಿತು, ೧೮೭೬ರಲ್ಲಿ ಕೈಬಿಟ್ಟಿತು, ಮರುವರ್ಷವೂ ನೆಮ್ಮದಿಯನ್ನು ತರಲಿಲ್ಲ. ಆಗ ಒದಗಿದ ಮಹಾಕ್ಷಾಮದಲ್ಲಿ ಮೈಸೂರು ಸಂಸ್ಥಾನದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರೆಂದು ಲೆಕ್ಕಹಾಕಿದ್ದಾರೆ. ೧೮೭೧ರ ಜನಗಣತಿಯಲ್ಲಿ ೫೦ ಲಕ್ಷಕ್ಕೆ ಮೇಲಿದ್ದ ಸಂಸ್ಥಾನದ ಜನಸಂಖ್ಯೆ ೧೮೮೧ರ ಗಣತಿಯಲ್ಲಿ ೪೨ ಲಕ್ಷಕ್ಕೂ ಕೆಳಗಿಳಿಯಿತು. ಹಗೇವು ಒಂದು ವರ್ಷದ ಕೊರತೆಯನ್ನು ತಡೆದುಕೊಳ್ಳುತ್ತದೆ. ತುಂಬಿದ ಹಗೇವಾದರೆ ಎರಡು ವರ್ಷವನ್ನೂ ತಡೆದೀತು. ತುಂಬಲು ಹೆಚ್ಚುವರಿ ಬೆಳೆ ಇಲ್ಲದವನಿಗೆ, ಹಗೇವೇ ಇಲ್ಲದ ಕೂಲಿಯವನಿಗೆ ಅದರಿಂದ ಆದ ಉಪಕಾರವೇನು? ಧಾನ್ಯ ಕೆಡದಿರುವುದು ಒಂದು ಮಾತು; ಹಸಿದವನ ಕೈಗೆ ಅದು ಸಿಕ್ಕುವುದು ಮತ್ತೊಂದು ಮಾತು. ಮೊದಲನೆಯದು ರಾಗಿಯ ಗುಣ. ಎರಡನೆಯದು ಸಮಾಜದ ಹೊಣೆ. ಈ ಭೇದವನ್ನು ೧೮೭೬–೭೮ರ ಎಲುಬುಗೂಡುಗಳು ನಮಗೆ ಕಲಿಸಿವೆ.

ಕ್ಷಾಮದ ನೆನಪು ಹಸಿಯಾಗಿದ್ದ ಸಂಸ್ಥಾನದಲ್ಲಿ ರಾಗಿಯ ಮೇಲೆ ಶಾಸ್ತ್ರೀಯವಾದ ಗಮನ ಹರಿದುದು ಸಹಜವೇ. ೧೯೦೮ರಲ್ಲಿ ಮೈಸೂರಿಗೆ ಬಂದು ಮುಂದೆ ಕೃಷಿ ಇಲಾಖೆಯ ನಿರ್ದೇಶಕರಾದ ಕೆನಡ ದೇಶದ ಲೆಸ್ಲಿ ಕೋಲ್ಮನ್ನರು ಮೈಸೂರಿನ ರಾಗಿ ಬೇಸಾಯದ ವಿಷಯವಾಗಿಯೇ ೧೯೨೦ರಲ್ಲಿ ಒಂದು ಪುಸ್ತಿಕೆಯನ್ನು ಪ್ರಕಟಿಸಿದರು. ಹೆಬ್ಬಾಳದ ಕ್ಷೇತ್ರದಲ್ಲಿ ಒಳ್ಳೆಯ ತೆನೆಗಳನ್ನು ಆರಿಸಿ ತಳಿಗಳನ್ನು ಬೇರ್ಪಡಿಸುವ ಕೆಲಸ ನಡೆಯಿತು. ಮುಂದೆ ಮಂಡ್ಯದ ವಿಶ್ವೇಶ್ವರಯ್ಯ ನಾಲಾ ಕ್ಷೇತ್ರದಲ್ಲಿ ಲಕ್ಷ್ಮಣಯ್ಯನವರು ಆಫ್ರಿಕದ ರಾಗಿಯನ್ನೂ ಭಾರತದ ರಾಗಿಯನ್ನೂ ಕೂಡಿಸಿ ‘ಇಂಡಾಫ್’ ಎಂಬ ತಳಿಗಳನ್ನು ಪಡೆದರು. ಇವು ೧೯೭೦ರ ದಶಕದಿಂದ ರೈತರ ಹೊಲಗಳಿಗೆ ಬಂದು ಇಳುವರಿಯನ್ನು ಹೆಚ್ಚಿಸಿದುವು. ರಾಗಿಯ ಹೂ ಕಣ್ಣಿಗೆ ಕಾಣದಷ್ಟು ಕಿರಿದು, ತನ್ನಲ್ಲಿಯೇ ಪರಾಗವಾಗುವಂತಹುದು. ಅದನ್ನು ಬೇರೊಂದರೊಡನೆ ಕೂಡಿಸುವುದು ಸೂಕ್ಷ್ಮದ ಕೆಲಸ. ಸಹಸ್ರಾರು ವರ್ಷಗಳ ಹಿಂದೆ ಸಮುದ್ರದ ಆಚೆ ಈಚೆ ಅಗಲಿದ ಒಂದೇ ವಂಶದ ಎರಡು ಕವಲುಗಳು ಕಾವೇರಿಯ ನಾಲೆಯ ಬದಿಯಲ್ಲಿ ಮತ್ತೆ ಕೂಡಿದುವು. ಲಕ್ಷ್ಮಣಯ್ಯನವರನ್ನು ಜನ ‘ರಾಗಿ ಬ್ರಹ್ಮ’ ಎಂದು ಕರೆದುದು ಉಚಿತವಾಗಿದೆ.

ಇನ್ನು ಪೌಷ್ಟಿಕತೆಯ ವಿಚಾರ. ಕೂನೂರಿನ ಪ್ರಯೋಗಶಾಲೆಯಿಂದ ಅಯ್ಕ್ರಾಯ್ಡ್ ಎಂಬ ವಿಜ್ಞಾನಿ ೧೯೩೭ರಲ್ಲಿ ಭಾರತದ ಆಹಾರವಸ್ತುಗಳ ಪೋಷಕಾಂಶಗಳ ಪಟ್ಟಿಯನ್ನು ಪ್ರಕಟಿಸಿದರು. ಅಂದಿನಿಂದಲೂ ಸುಣ್ಣಾಂಶದಲ್ಲಿ ರಾಗಿ ಉಳಿದ ಮುಖ್ಯ ಧಾನ್ಯಗಳನ್ನು ಹಿಂದಿಕ್ಕಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ ೨೦೧೭ರಲ್ಲಿ ಹೊರತಂದ ಕೋಷ್ಟಕದಂತೆ ೧೦೦ ಗ್ರಾಂ ರಾಗಿಯಲ್ಲಿ ಸುಮಾರು ೩೬೪ ಮಿಲಿಗ್ರಾಂ ಸುಣ್ಣಾಂಶವಿದೆ; ಗೋಧಿಯಲ್ಲಿ ಸುಮಾರು ೪೦; ಪಾಲಿಷ್ ಮಾಡಿದ ಅಕ್ಕಿಯಲ್ಲಿ ೮ಕ್ಕೂ ಕಡಮೆ. ನಾರಿನ ಅಂಶ ರಾಗಿಯಲ್ಲಿ ೧೧ ಗ್ರಾಂ, ಅಂತಹ ಅಕ್ಕಿಯಲ್ಲಿ ೩ ಗ್ರಾಮಿನ ಆಸುಪಾಸು. ರಾಗಿಯನ್ನು ಅಕ್ಕಿಯಂತೆ ತಳಿಸಿ ಬೆಳ್ಳಗೆ ಮಾಡುವ ರೂಢಿಯಿಲ್ಲ; ಸಿಪ್ಪೆಯ ಸಮೇತವಾಗಿ ಬೀಸುತ್ತೇವೆ. ಅದರ ಕಪ್ಪುಬಣ್ಣವನ್ನು ಕಂಡು ಮೂಗು ಮುರಿದವರು ಸತ್ತ್ವವನ್ನೂ ಕಳೆದುಕೊಂಡರು.

ಗ್ಲೂಟೆನ್ನಿನ ವಿಷಯವೂ ತಿಳಿಯತಕ್ಕದ್ದು. ಗೋಧಿ, ಬಾರ್ಲಿ ಮೊದಲಾದ ಕೆಲವು ಧಾನ್ಯಗಳ ಸಸಾರಜನಕದಲ್ಲಿರುವ ಈ ಅಂಟು ಕೆಲವರ ಕರುಳಿಗೆ ಹಾನಿಮಾಡುತ್ತದೆ. ಸೀಲಿಯಾಕ್ ಎಂಬ ಈ ರೋಗಕ್ಕೆ ಗೋಧಿಯೇ ಕಾರಣವೆಂದು ಹಾಲೆಂಡಿನ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆ ಶಂಕಿಸಿದ್ದರು. ೧೯೪೪–೪೫ರ ಯುದ್ಧಕಾಲದ ಹಸಿವಿನಲ್ಲಿ ಬ್ರೆಡ್ಡು ಸಿಕ್ಕದಿದ್ದಾಗ ಇಂತಹ ಮಕ್ಕಳು ಚೇತರಿಸಿಕೊಂಡುದು ಆ ಶಂಕೆಯನ್ನು ಬಲಪಡಿಸಿತು; ೧೯೫೦ರ ಪ್ರಬಂಧದಲ್ಲಿ ಅವರು ಅದನ್ನು ನಿರೂಪಿಸಿದರು. ಅಂತಹ ರೋಗಿಗಳಿಗೆ ರಾಗಿ ನಿರ್ಭಯವಾದ ಅನ್ನ. ಗೋಧಿ ಬೀಸಿದ ಗಿರಣಿಯಲ್ಲಿಯೇ ಅದನ್ನು ಬೀಸಬಾರದು, ಅಷ್ಟೆ. ಆ ರೋಗವಾಗಲಿ ಗೋಧಿ ಒಗ್ಗದ ಬೇರೆ ತೊಂದರೆಯಾಗಲಿ ಇಲ್ಲದವನಿಗೆ ಗ್ಲೂಟೆನ್ ಇಲ್ಲದಿರುವುದರಿಂದಲೇ ವಿಶೇಷ ಲಾಭವೇನೂ ಇಲ್ಲವೆಂಬುದನ್ನೂ ಹೇಳಬೇಕು.

ಈ ಅಂಟಿಲ್ಲದಿರುವುದರ ಫಲವನ್ನು ನಮ್ಮ ತಾಯಂದಿರು ವಿಜ್ಞಾನಕ್ಕಿಂತ ಮೊದಲೇ ಅಡಿಗೆಮನೆಯಲ್ಲಿ ಕಂಡುಕೊಂಡಿದ್ದರು. ರಾಗಿಯ ಹಿಟ್ಟು ಗೋಧಿಯಂತೆ ಎಳೆಯುವುದಿಲ್ಲ, ಲಟ್ಟಣಿಗೆಗೆ ಬಗ್ಗುವುದಿಲ್ಲ, ಉಬ್ಬಿ ಬ್ರೆಡ್ಡಾಗುವುದಿಲ್ಲ. ಆದುದರಿಂದ ಅದಕ್ಕೆ ಬೇರೆಯ ಶಿಸ್ತು ಬೇಕಾಯಿತು. ಕುದಿಯುವ ಎಸರಿಗೆ ಹಿಟ್ಟನ್ನು ಹಾಕಿ ಬೇಯಿಸಿದಾಗ ಅದರ ಪಿಷ್ಟ ನೀರು ಕುಡಿದು ಉಬ್ಬಿ ತಾನೇ ಅಂಟಾಗುತ್ತದೆ. ಕೋಲಿನಿಂದ ಗಂಟಿಲ್ಲದಂತೆ ತಿರುವಿ ಕಟ್ಟಿದರೆ ಮುದ್ದೆ. ಬಿಸಿನೀರಿನಲ್ಲಿ ಕಲಸಿ ಕೈಯಲ್ಲಿ ತಟ್ಟಿದರೆ ರೊಟ್ಟಿ. ಗೋಧಿಯಲ್ಲಿ ಅಂಟು ಮಾಡುವ ಕೆಲಸವನ್ನು ಇಲ್ಲಿ ಬೆಂಕಿ ಮಾಡುತ್ತದೆ. ಮೊಳಕೆ ಬರಿಸಿ, ಒಣಗಿಸಿ, ಹುರಿದು ಬೀಸಿದ ಹಿಟ್ಟಿನಿಂದ ಕೂಸಿಗೆ ಸರಿ ಮಾಡುವುದು ಇನ್ನೂ ಜಾಣತನದ್ದು. ಮೊಳಕೆಯಲ್ಲಿ ಹುಟ್ಟುವ ಕಿಣ್ವ ಪಿಷ್ಟವನ್ನು ಒಡೆದು ಗಂಜಿಯನ್ನು ತೆಳ್ಳಗೆ ಮಾಡುತ್ತದೆ. ಹೀಗಾಗಿ ಅಷ್ಟೇ ಗಂಜಿಯಲ್ಲಿ ಹೆಚ್ಚು ಹಿಟ್ಟನ್ನು ಕೂಸಿನ ಸಣ್ಣ ಹೊಟ್ಟೆಗೆ ಸೇರಿಸಬಹುದು. ರಾಗಿಯಲ್ಲಿರುವ ಫೈಟೇಟು, ಟ್ಯಾನಿನ್ನುಗಳು ಸುಣ್ಣಾಂಶವನ್ನೂ ಕಬ್ಬಿಣಾಂಶವನ್ನೂ ದೇಹಕ್ಕೆ ಪೂರ್ತಿಯಾಗಿ ಒದಗಗೊಡುವುದಿಲ್ಲ. ಮೊಳಕೆ ಬರಿಸುವುದರಿಂದಲೂ ಅಂಬಲಿಯನ್ನು ಹುಳಿಹಿಡಿಸುವುದರಿಂದಲೂ ಆ ತಡೆ ತಗ್ಗುತ್ತದೆ. ರಾಗಿಯ ಸಸಾರಜನಕ ೭ ಗ್ರಾಮಿನ ಆಸುಪಾಸು ಮಾತ್ರ. ಅದರಲ್ಲಿ ಲೈಸಿನ್ ಎಂಬ ಅಂಶ ಕಡಮೆ. ಅವರೆ, ಹುರುಳಿ, ತೊಗರಿಗಳ ಸಾರು ಆ ಕೊರತೆಯನ್ನು ತುಂಬುತ್ತದೆ. ಹೊಲದಲ್ಲಿ ಅಕ್ಕಡಿಯಾಗಿ ರಾಗಿಯ ಪಕ್ಕದಲ್ಲಿ ನಿಂತ ಕಾಳು ತಟ್ಟೆಯಲ್ಲಿಯೂ ಅದರ ಪಕ್ಕದಲ್ಲಿಯೇ ನಿಲ್ಲುವುದು ಎಂತಹ ಔಚಿತ್ಯ!

ರಾಗಿಯನ್ನು ಸರ್ವರೋಗಕ್ಕೂ ಮದ್ದೆಂದು ಸಾರುವವರೂ ಇದ್ದಾರೆ. ರಾಗಿಯಲ್ಲಿ ಮೂರರಲ್ಲಿ ಎರಡು ಪಾಲು ಪಿಷ್ಟವೇ. ಸಕ್ಕರೆರೋಗದವರು ಅಕ್ಕಿಯನ್ನು ಬಿಟ್ಟು ನುಣ್ಣಗೆ ಬೀಸಿದ ರಾಗಿಯ ಮುದ್ದೆಯನ್ನು ಮನಬಂದಂತೆ ಉಂಡರೆ ರೋಗ ಇಳಿಯದು. ಅತಿಶಯೋಕ್ತಿ ಸತ್ಯಕ್ಕೆ ಬಲ ಕೊಡುವುದಿಲ್ಲ.

ಇಷ್ಟು ಗುಣವಿದ್ದೂ ರಾಗಿ ಹಿಂದುಳಿದುದೇಕೆ? ಸೋತದ್ದು ಸತ್ತ್ವದಿಂದಲ್ಲ, ಮಾನದಿಂದ. ರಾಗಿಯನ್ನೇ ಬೆಳೆದ ಮನೆಯಲ್ಲಿ ಹಬ್ಬಕ್ಕೆ ಅನ್ನ, ನೆಂಟರಿಗೆ ಅನ್ನ; ಉಳಿದ ದಿನ ಮನೆಯವರಿಗೆ ಹಿಟ್ಟು. ಕೈಯಲ್ಲಿ ನಾಲ್ಕು ಕಾಸಾದೊಡನೆ ದಿನವೂ ಅನ್ನವುಣ್ಣುವುದು ಏಳಿಗೆಯ ಗುರುತಾಯಿತು. ೧೯೪೨ರಲ್ಲಿ ಬರ್ಮ ಜಪಾನೀಯರ ವಶವಾಗಿ ಅಲ್ಲಿಯ ಅಕ್ಕಿ ನಿಂತಾಗ, ಅಕ್ಕಿಗೆ ಒಗ್ಗಿದ ಎಷ್ಟೋ ಮನೆಗಳು ಬೇರೆ ಧಾನ್ಯಗಳ ಕಡೆಗೆ ತಿರುಗಬೇಕಾಯಿತು. ಅಕ್ಕಿ ಬಂದೊಡನೆ ಅವನ್ನು ಮರೆತುವು. ಇಂದು ಹಾಸನ ಜಿಲ್ಲೆಯ ಎಷ್ಟೋ ಹೊಲಗಳಲ್ಲಿ ಮೆಕ್ಕೆಜೋಳ, ಆಲೂಗಡ್ಡೆ, ಶುಂಠಿಗಳು ನಿಂತಿವೆ. ಹಗೇವುಗಳು ಬಹುಮಟ್ಟಿಗೆ ಮುಚ್ಚಿಹೋಗಿವೆ.

ಈಗ ಗಾಳಿ ತಿರುಗಿದೆ. ೨೦೨೩ನ್ನು ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿತು. ೨೦೨೪–೨೫ರ ಸಾಲಿಗೆ ಕೇಂದ್ರಸರ್ಕಾರ ಗೊತ್ತುಮಾಡಿದ ಬೆಂಬಲ ಬೆಲೆ ಕ್ವಿಂಟಾಲು ರಾಗಿಗೆ ೪,೨೯೦ ರೂಪಾಯಿ. ಸಾಮಾನ್ಯ ಭತ್ತಕ್ಕೆ ೨,೩೦೦. ರಾಮನ ಸಭೆಯಲ್ಲಿ ಹಳಿಸಿಕೊಂಡ ನರೆದಲೆಗನಿಗೆ ಸಂತೆಯಲ್ಲಿ ಮೇಲುಗೈಯಾಯಿತೆಂದು ನಾವು ಹಿಗ್ಗಬಹುದು. ಆದರೆ ಈ ಕೀರ್ತಿಯಲ್ಲೊಂದು ಅಪಾಯವುಂಟು. ಬಡವನ ಹಿಟ್ಟು ಸಿರಿವಂತನ ಪಥ್ಯವಾಗಿ, ಅಂದವಾದ ಪೊಟ್ಟಣದಲ್ಲಿ ದುಬಾರಿಯಾಗಿ, ಅದನ್ನು ಬೆಳೆದವನೇ ಅಗ್ಗದ ಅಕ್ಕಿಯನ್ನು ಉಣ್ಣುವ ಕಾಲ ಬಂದರೆ, ರಾಗಿ ಗೆದ್ದಿತೆನ್ನಲಾದೀತೆ?

ಬಿಕ್ಕೋಡಿನ ಗದ್ದೆಯಲ್ಲಿ ಭತ್ತ ಬೆಳೆಯಲಿ. ಅದು ಆ ನೆಲದ ಧರ್ಮ. ಜಾವಗಲ್ಲು, ಅರಸೀಕೆರೆಗಳ ಹೊಲದಲ್ಲಿ ರಾಗಿ ನಿಲ್ಲಲಿ. ಅದು ಆ ಮಳೆಯ ಧರ್ಮ. ಒಂದನ್ನು ಹಿರಿದು, ಒಂದನ್ನು ಕಿರಿದು ಮಾಡಿದ ತಪ್ಪು ನಮ್ಮದು. ಮಳೆ ಇನ್ನೂ ನಂಬಲಾರದ್ದಾಗುತ್ತಿರುವ ಈ ದಿನಗಳಲ್ಲಿ ರಾಮನ ಪರೀಕ್ಷೆಯನ್ನು ನಾವು ಮತ್ತೊಮ್ಮೆ ನೆನೆಯುವುದು ಒಳ್ಳೆಯದು. ಅವನು ಕೇಳಿದುದು ಆರು ತಿಂಗಳ ಮೇಲೆ ಏನು ಉಳಿದಿರುತ್ತದೆ ಎಂಬುದನ್ನು. ೧೮೭೭ ಕೇಳಿದುದು, ಉಳಿದುದು ಯಾರ ಕೈಯಲ್ಲಿ ಇರುತ್ತದೆ ಎಂಬುದನ್ನು. ರಾಗಿ ಮೊದಲನೆಯ ಪ್ರಶ್ನೆಗೆ ಉತ್ತರ ಹೇಳಿ ಶತಮಾನಗಳಾದುವು. ಎರಡನೆಯದಕ್ಕೆ ಉತ್ತರ ಹೇಳಬೇಕಾದವರು ನಾವು.